ಮಳೆ ಲೆಕ್ಕದ ಅಕ್ಕನ ಊರಿಗೆ

ನಮ್ಮ ಮನೆ ಇರುವುದು ಹೆಬ್ರಿ ಹತ್ತಿರ, ಆಗುಂಬೆ ಘಾಟಿಯ ಬುಡದಲ್ಲಿ. ಅಡಿಕೆ ತೋಟ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಬಿಡದ ಜಾಗ. ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಆಮೇಲೆ ನನ್ನ ಹಾಗೆಯೇ ಮಳೆ ಅಳೆಯುವವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ದುರ್ಗದ ಅಕ್ಕ ಪರಿಚಯವಾದದ್ದು ಅಲ್ಲೇ.

ಅಕ್ಕನದು ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ಮನೆ ಹಿಂದೆಯೇ ಶೇಂಗಾ ಹೊಲ. ನಾನು 140 ಮಿ.ಮೀ. ಎಂದು ಹಾಕಿದ ದಿನ ಅವರದು ಸೊನ್ನೆ ಇರುತ್ತಿತ್ತು. ಒಂದು ದಿನ ನಾನು "ಇವತ್ತು ಮಳೆ ಕಡಿಮೆ, 60" ಎಂದು ಹಾಕಿದ್ದೆ. ಅದರ ಕೆಳಗೇ ಅಕ್ಕನ ಸಾಲು ಬಂತು: "ನಮಗೆ 3 ಮಿ.ಮೀ. ಬಂತು. ದೇವರು ದೊಡ್ಡವನು."

ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಅವರಿಗೇ ಮೆಸೇಜ್ ಹಾಕಿ ಕೇಳಿದೆ, "ಅಕ್ಕಾ, 3 ಮಿ.ಮೀ.ನಲ್ಲಿ ಏನಾಗುತ್ತದೆ?" ಉತ್ತರ ತಕ್ಷಣ ಬಂತು. "ಎಕರೆಗೆ ಹನ್ನೆರಡು ಸಾವಿರ ಲೀಟರ್ ಬಿತ್ತು ತಂಗಿ. ಲೆಕ್ಕ ಹಾಕಿ ನೋಡು." ಹಾಕಿ ನೋಡಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್ ನೀರು. ಎಕರೆಗೆ ನಾಲ್ಕು ಸಾವಿರ ಲೀಟರ್ ಮೇಲೆ. ಅಕ್ಕ ಹೇಳಿದ್ದು ಸರಿಯೇ ಇತ್ತು. ಅಲ್ಲಿಂದ ನಮ್ಮ ಮಾತು ಶುರುವಾಯಿತು.

ವರ್ಷಗಟ್ಟಲೆ ಮಾತಾಡಿದೆವು. ನಮ್ಮ ತೋಟಕ್ಕೆ ಕೊಳೆರೋಗ ಬಂದು ಎಳೆ ಅಡಿಕೆ ಉದುರುವಾಗ ನಾನು ಮಳೆ ನಿಲ್ಲಲಿ ಎಂದು ಬೇಡುತ್ತಿದ್ದೆ. ಅದೇ ಹೊತ್ತಿಗೆ ಅಕ್ಕ ಮಳೆ ಬರಲಿ ಎಂದು ಬೇಡುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಅವರಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಜನರ ಗಲಾಟೆ, ನೀರಿನ ಸದ್ದು. "ಮಾರಿಕಣಿವೆ ಕೋಡಿ ಬಿತ್ತು ತಂಗೀ! ನಮ್ಮಪ್ಪ ನೋಡಿರ್ಲಿಲ್ಲ, ನಾನು ನೋಡ್ದೆ!" ಹಿರಿಯೂರು ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅದು. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕೆಲಸ ಮುಗಿದ ಅಣೆಕಟ್ಟು. 2022ಕ್ಕೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆ ಮೆಸೇಜನ್ನು ನಾನು ಇನ್ನೂ ಅಳಿಸಿಲ್ಲ.

ಇಷ್ಟಾದರೂ ಮುಖ ನೋಡಿರಲಿಲ್ಲ. ಅವರು ಕಳಿಸುತ್ತಿದ್ದದ್ದು ಅಳತೆ ಗಾಜಿನ ಫೋಟೋ ಮಾತ್ರ. ಅದರ ಅಂಚಿನಲ್ಲಿ ಅವರ ಹೆಬ್ಬೆರಳು ಕಾಣುತ್ತಿತ್ತು. ಉಗುರಿನ ಪಕ್ಕ ಕುಡುಗೋಲು ತಾಗಿ ಆದ ಒಂದು ಗೆರೆ. ನನಗೆ ಗೊತ್ತಿದ್ದ ಅಕ್ಕ ಎಂದರೆ ಆ ಬೆರಳು ಮತ್ತು ಆ ದನಿ.

ದಸರಾ ರಜೆಗೆ ಬಾ ಎಂದು ಕರೆದರು. ನನ್ನ ತಮ್ಮ ಕಾರು ತೆಗೆದ. ಹಲಸಿನ ಹಪ್ಪಳ, ಕುಚ್ಚಲಕ್ಕಿ, ಪುನರ್ಪುಳಿ ಸಿಪ್ಪೆ ಕಟ್ಟಿಕೊಂಡು ಬೆಳಗಾಗುವ ಮೊದಲೇ ಹೊರಟೆವು.

ಸೋಮೇಶ್ವರ ದಾಟಿದರೆ ಘಾಟಿ. 14 ಹೇರ್‌ಪಿನ್ ತಿರುವುಗಳು. ಲಾರಿ, ದೊಡ್ಡ ಬಸ್ಸುಗಳಿಗೆ ಈ ದಾರಿ ಇಲ್ಲ. ಮಂಜು ಎಷ್ಟಿತ್ತೆಂದರೆ ತಮ್ಮ ಪ್ರತಿ ತಿರುವಿಗೂ ಹಾರ್ನ್ ಹೊಡೆದು, ಎದುರಿನಿಂದ ಹಾರ್ನ್ ಬರುತ್ತದಾ ಎಂದು ಕೇಳಿಸಿಕೊಂಡು ಗಾಡಿ ತಿರುಗಿಸುತ್ತಿದ್ದ. ಕಿಟಕಿ ಇಳಿಸಿದರೆ ಒದ್ದೆ ಎಲೆಯ ವಾಸನೆ. ಬಂಡೆಯ ಮೇಲಿಂದ ನೀರು ನೇರ ರಸ್ತೆಗೇ ಬೀಳುತ್ತಿತ್ತು. ಈ ದಾರಿಯಲ್ಲಿ ಎಷ್ಟೋ ಸಲ ಹತ್ತಿ ಇಳಿದಿದ್ದೇನೆ. ಆದರೆ ಈ ಸಲ ಮನಸ್ಸಿನಲ್ಲಿ ಬೇರೆಯೇ ಓಡುತ್ತಿತ್ತು. ಅರಬ್ಬಿ ಸಮುದ್ರದಿಂದ ಬರುವ ಗಾಳಿ ಈ ಗೋಡೆಗೆ ಬಡಿದು, ಮೇಲೇರಿ, ತಣ್ಣಗಾಗಿ ತನ್ನಲ್ಲಿರುವ ನೀರನ್ನೆಲ್ಲ ಇಲ್ಲೇ ಸುರಿಯುತ್ತದೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಗುಡ್ಡ ದಾಟಿ ಆಚೆ ಇಳಿಯುವ ಗಾಳಿಯಲ್ಲಿ ಉಳಿಯುವುದು ಸ್ವಲ್ಪವೇ. ಚಿತ್ರದುರ್ಗ ಜಿಲ್ಲೆಯ ಸರಾಸರಿ 600 ಮಿ.ಮೀ. ಕೂಡ ಮುಟ್ಟುವುದಿಲ್ಲ. ಅಕ್ಕನಿಗೆ ಸಿಗಬೇಕಾದದ್ದೂ ನಮ್ಮ ಅಂಗಳದಲ್ಲೇ ಬೀಳುತ್ತಿದೆ ಅನ್ನಿಸಿತು.

ತೀರ್ಥಹಳ್ಳಿಯಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಿ, ಹೊಳೆ ನಡುವಿನ ಮರಗಳಲ್ಲಿ ಕೂತ ಬೆಳ್ಳಕ್ಕಿಗಳನ್ನು ನೋಡಿದೆವು. ಶಿವಮೊಗ್ಗದಲ್ಲಿ ತಿಂಡಿ. ಅಲ್ಲಿಗೆ ಮಳೆ ಪೂರಾ ನಿಂತಿತ್ತು. ವೈಪರ್ ಆಮೇಲೆ ಬೇಕಾಗಲೇ ಇಲ್ಲ.

ಅಲ್ಲಿಂದ ಮುಂದೆ ನೆಲ ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಮೊದಲು ಗದ್ದೆ, ಅಡಿಕೆ ತೋಟ. ಹೊಳಲ್ಕೆರೆ ಕಡೆ ಬರುತ್ತಿದ್ದಂತೆ ಮೆಕ್ಕೆಜೋಳ. ಇಲ್ಲೂ ಅಡಿಕೆ ಇದೆ. ಆದರೆ ತೋಟದ ಮೂಲೆಯಲ್ಲಿ ಬೋರ್‌ವೆಲ್ ಪೈಪು, ಮರದ ಬುಡದಲ್ಲಿ ಡ್ರಿಪ್ ಪೈಪು. ನೀರು ಕೊಟ್ಟು ಬೆಳೆಸುವ ಅಡಿಕೆ ಇದು. ಈ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿ, ಊರೂರಿಗೆ ಯೋಗ ಕಲಿಸಿದ ರಾಘವೇಂದ್ರ ಸ್ವಾಮೀಜಿ ಹುಟ್ಟಿದ್ದು ನಮ್ಮ ಕರಾವಳಿಯ ಬಾರ್ಕೂರಿನಲ್ಲಿ. ಅಷ್ಟು ಹಸಿರು ಬಿಟ್ಟು ಬಂದು ಈ ಬಯಲಲ್ಲಿ ಬಾಳು ಸವೆಸಿದರಲ್ಲ, ಆ ಮನುಷ್ಯನ ಮೇಲೆ ನನಗೆ ಮೊದಲಿಂದಲೂ ಗೌರವ. ಈ ದಾರಿಯಲ್ಲಿ ಬಂದ ಮೇಲೆ ಅದು ಇನ್ನೂ ಜಾಸ್ತಿಯಾಯಿತು.

ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈ ಮುಗಿದೆವು. ಆಳೆತ್ತರ ಮೀರಿದ ಮೂರ್ತಿ. ಮೇಲೆ ಸೂರಿಲ್ಲ. ನಮ್ಮ ಕಡೆಯಾಗಿದ್ದರೆ ಒಂದೇ ಮಳೆಗಾಲಕ್ಕೆ ಪಾಚಿ ಹತ್ತಿ ಮೂರ್ತಿ ಹಸಿರಾಗಿಬಿಡುತ್ತಿತ್ತು. ಅಲ್ಲಿಂದ ಮುಂದೆ ಗುಡ್ಡದ ಸಾಲು, ಅದರ ಮೇಲೆ ಗಾಳಿಯಂತ್ರಗಳು. ನೀರು ಬಿಟ್ಟು ಬಂದ ಗಾಳಿಯಿಂದಲೂ ಈ ಜನ ಕೆಲಸ ತೆಗೆಯುತ್ತಿದ್ದಾರೆ.

ಚಿತ್ರದುರ್ಗದಲ್ಲಿ ಕೋಟೆ ಬಾಗಿಲ ಹತ್ತಿರ ಸಿಗುವುದು ಎಂದು ಮಾತಾಗಿತ್ತು. ರಜೆಯಾದ್ದರಿಂದ ಜನ ತುಂಬಿದ್ದರು. ಟಿಕೆಟ್ ಕೊಡುವಲ್ಲಿ ಹಸಿರು ಕಾಟನ್ ಸೀರೆಯ ಒಬ್ಬರು ಕೈಯೆತ್ತಿದರು. ನಾನು ಮುಖ ನೋಡುವ ಮೊದಲು ಬೆರಳು ನೋಡಿದೆ. ಆ ಗೆರೆ ಇತ್ತು. ಇಬ್ಬರಿಗೂ ಕಣ್ಣು ತುಂಬಿ ಬಂತು. "ಎಷ್ಟು ಸಣ್ಣಗಿದೀಯ ತಂಗಿ, ಅಷ್ಟು ಮಳೆ ಹೆಂಗೆ ತಡ್ಕಂತೀಯ?" ಅಂದರು. ನನ್ನ ತಮ್ಮನ ತಲೆ ಸವರಿ, "ಉಂಡಿಲ್ಲ ಅಲ್ವಾ? ರೊಟ್ಟಿ ತಂದಿದೀನಿ" ಅಂದರು. ಮರದ ನೆರಳಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ತಿಂದೆವು. ಫೋನಿನಲ್ಲಿ ಹೇಗೆ ಮಾತಾಡುತ್ತಿದ್ದರೋ ಎದುರಿಗೂ ಹಾಗೆಯೇ ಮಾತಾಡಿದರು. ಹೊಸಬರ ಹತ್ತಿರ ಇರುವ ಸಂಕೋಚ ಒಂದು ಗಳಿಗೆಯೂ ಆಗಲಿಲ್ಲ.

ಆಮೇಲೆ ಕೋಟೆ. ಏಳು ಸುತ್ತಿನ ಕೋಟೆ ಎಂದು ಎಲ್ಲರಿಗೂ ಗೊತ್ತು. ಬುರುಜು, ಮದ್ದು ಅರೆಯುವ ದೈತ್ಯ ಬೀಸುಕಲ್ಲು, ಹಿಡಿಂಬೇಶ್ವರ, ಗೋಪುರಗಳು, ಉಯ್ಯಾಲೆ ಕಂಬ ಎಲ್ಲ ನೋಡಿದೆವು. ಆದರೆ ಅಕ್ಕ ನನ್ನನ್ನು ಕರೆದುಕೊಂಡು ಹೋಗಬೇಕೆಂದಿದ್ದದ್ದು ಹೊಂಡಗಳ ಹತ್ತಿರ. ತಮ್ಮ ಶಾಲೆಯ ಮಕ್ಕಳಿಗೂ ಮೊದಲು ತೋರಿಸುವುದು ಅದನ್ನೇ ಅಂತೆ.

ಮೇಲೆ ಬಂಡೆಗಳ ಮಡಿಲಲ್ಲಿ ಗೋಪಾಲಸ್ವಾಮಿ ಹೊಂಡ. ದಡದಲ್ಲಿ ನಿಂತು ಅಕ್ಕ ಕೈ ತೋರಿಸಿ ಹೇಳುತ್ತಾ ಹೋದರು. ಸುತ್ತಲಿನ ಬಂಡೆಯ ಮೇಲೆ ಬಿದ್ದ ನೀರು ಇದಕ್ಕೆ ಬರುತ್ತದೆ. ಇದು ತುಂಬಿದರೆ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೇಲಿನವರು ತುಂಬಿಸಿಕೊಂಡು ಉಳಿದದ್ದು ಕೆಳಗಿನವರಿಗೆ. ಗ್ರಾನೈಟ್ ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಜಾರಿ ಹೋಗುತ್ತದೆ. ಆ ಜಾರುವುದನ್ನೇ ಇವರು ಉಪಯೋಗ ಮಾಡಿಕೊಂಡರು. ಮುತ್ತಿಗೆ ಹಾಕಿದ ಸೈನ್ಯ ಹೊರಗೆ ತಿಂಗಳುಗಟ್ಟಲೆ ಕೂತರೂ ಒಳಗೆ ಬಾಯಾರಿಕೆಯ ಚಿಂತೆ ಇರಲಿಲ್ಲ ಅಂದರೆ ಅದಕ್ಕೆ ಕಾರಣ ಈ ಹೊಂಡಗಳು. ಕೋಟೆ 1779ರಲ್ಲಿ ಹೈದರಾಲಿಯ ಕೈ ಸೇರಿತು, ಮದಕರಿ ನಾಯಕನ ಆಳ್ವಿಕೆ ಮುಗಿಯಿತು. ಹೊಂಡಗಳು ಮಾತ್ರ ಈಗಲೂ ನೀರು ಹಿಡಿಯುತ್ತಿವೆ.

ಗೋಡೆಯ ಗಟ್ಟಿತನಕ್ಕೆ ಸಿಗುವ ಹೊಗಳಿಕೆ ಈ ನೀರಿನ ಏರ್ಪಾಡಿಗೆ ಸಿಗುತ್ತಿಲ್ಲ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ನಾವು ನಿಂತಷ್ಟು ಹೊತ್ತು ಬಂದವರೆಲ್ಲ ಸೆಲ್ಫಿ ತೆಗೆದು ಹೋದರು. ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ಓಬವ್ವನ ಕಿಂಡಿಯ ಹತ್ತಿರವೇ ತಣ್ಣೀರು ದೋಣಿ. ಬಂಡೆಯ ಸಂದಿಯಲ್ಲಿ ಸ್ವಲ್ಪ ನೀರು. ಅಕ್ಕ ಅಲ್ಲಿ ಕೂತರು. "ಒನಕೆ ಕಥೆ ಎಲ್ರೂ ಹೇಳ್ತಾರೆ. ಅವಳು ಅಲ್ಲಿಗೆ ಯಾಕೆ ಬಂದ್ಲು ಹೇಳು?" ಕಾವಲು ಬಿಟ್ಟು ಉಣ್ಣಲು ಬಂದ ಗಂಡನಿಗೆ ಕುಡಿಯಲು ನೀರಿರಲಿಲ್ಲ. ನೀರು ತರಲು ಬಂದವಳ ಕಿವಿಗೆ ಕಿಂಡಿಯ ಆಚೆ ಸೈನಿಕರ ಪಿಸುಮಾತು ಬಿತ್ತು. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಆ ಕೊಡದ ಕಡೆ ನನ್ನ ಗಮನ ಹೋಗಿರಲೇ ಇಲ್ಲ.

ಬಿಸಿಲು ಇಳಿದ ಮೇಲೆ ಚಂದ್ರವಳ್ಳಿಗೆ ಹೋದೆವು. ಕೆರೆ, ಸುತ್ತ ಗುಡ್ಡ. ಇಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. 4ನೇ ಶತಮಾನದ್ದು, ಪ್ರಾಕೃತದಲ್ಲಿ. ಅದು ಹೇಳುವುದು ಕೆರೆ ಕಟ್ಟಿಸಿದ ಸುದ್ದಿಯನ್ನು. ಬನವಾಸಿಯ ದೊರೆ ಇಷ್ಟು ದೂರದ ಬಯಲಲ್ಲಿ ಕೆರೆಗಾಗಿ ಕಲ್ಲಿನಲ್ಲಿ ಹೆಸರು ಬರೆಸಿದ್ದಾನೆ. ಕತ್ತಲಾಗುವ ಹೊತ್ತಿಗೆ ಪೇಟೆಗೆ ಬಂದು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಅಕ್ಕನ ಹಳ್ಳಿಗೆ ಹೋದೆವು.

ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಬಾಗಿಲಿನಿಂದಲೇ ಹೊಲ. ಕೆಂಪು ಮಣ್ಣು. ಈ ಸಲ ಬಿತ್ತನೆ ತಡವಾಗಿತ್ತು. ಗಿಡ ಗೇಣುದ್ದ ಇದ್ದವು, ಹಳದಿ ಹೂವು ಮುಗಿಯುತ್ತಾ ಬಂದಿತ್ತು. ಅಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಗಿಡದ ಎಲೆ ಸರಿಸಿ ತೋರಿಸಿದರು. ಬಾಡಿದ ಹೂವಿನ ಬುಡದಿಂದ ಸೂಜಿಯಂಥ ಒಂದು ಎಳೆ ನೆಲದ ಕಡೆಗೆ ಇಳಿದಿತ್ತು. ಅದು ಮಣ್ಣೊಳಗೆ ಹೊಕ್ಕರೆ ಮಾತ್ರ ಕಾಯಿ ಕಟ್ಟುತ್ತದೆ. ಮಣ್ಣು ಒಣಗಿ ಗಟ್ಟಿಯಾದರೆ ಹೊಕ್ಕುವುದಿಲ್ಲ, ಮೇಲೇ ಒಣಗಿ ಹೋಗುತ್ತದೆ. ಅಕ್ಕ ಬೆರಳಿನಿಂದ ನೆಲ ಒತ್ತಿದರು. ಮೇಲಿನ ಪದರ ಬಿಸ್ಕತ್ತಿನ ಹಾಗೆ ಚೂರಾಗದೆ ಹೆಂಟೆಯಾಗಿಯೇ ಎದ್ದಿತು. ಕೆಳಗೆ ಮಾತ್ರ ಇನ್ನೂ ತೇವ ಇತ್ತು.

"ಈ ವಾರ ಒಂದು ಹದ ಮಳೆ ಬಂದ್ರೆ ಸಾಕು. ಅಷ್ಟೂ ಬರ್ಲಿಲ್ಲ ಅಂದ್ರೆ 3, 4 ಮಿ.ಮೀ. ಆದ್ರೂ ಬರ್ಲಿ. ಮೇಲಿನ ಮಣ್ಣು ಮೆತ್ತಗಾಗ್ತದೆ, ಇವು ಒಳಗೆ ಹೋಗ್ತವೆ." ದೇವರು ದೊಡ್ಡವನು ಎಂದು ಆ ದಿನ ಬರೆದಿದ್ದರಲ್ಲ, ಅದು ಇದಕ್ಕೆ. ನಮ್ಮ ತೋಟದಲ್ಲಿ ಆ 3 ಮಿ.ಮೀ. ಎಲೆ ತೊಯ್ಯಲೂ ಸಾಲದು. ಇಲ್ಲಿ ಒಂದು ವರ್ಷದ ಫಸಲು ಅದರ ಮೇಲೆ ನಿಂತಿದೆ. ಈ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಮುಖ್ಯ. ನಮ್ಮಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಇವರು ಆಕಾಶ ನೋಡಲು ಶುರು ಮಾಡುತ್ತಾರೆ.

ಎಂಟೂವರೆಗೆ ಪಕ್ಕದ ಮನೆಯ ಇಬ್ಬರು ಮಕ್ಕಳು ಓಡಿ ಬಂದರು. ಅಕ್ಕನ ವಿದ್ಯಾರ್ಥಿಗಳು. ರಜೆಯಲ್ಲೂ ಅಳತೆ ತಪ್ಪಿಸುವುದಿಲ್ಲ. ಹುಡುಗಿ ಮಾಪಕದ ಮುಚ್ಚಳ ತೆಗೆದು ಗಾಜಿಗೆ ಬಗ್ಗಿಸಿದಳು. ಒಂದು ಹನಿಯೂ ಇಲ್ಲ. ಹುಡುಗ ಪುಸ್ತಕದಲ್ಲಿ ತಾರೀಖು ಹಾಕಿ 0 ಬರೆದ. ಮಳೆ ಇಲ್ಲದ ದಿನ ಬಿಟ್ಟು ಬರೆದರಾಗದಾ ಎಂದು ತಮ್ಮ ಕೇಳಿದ. "ಆಗಲ್ಲ ಸಾರ್," ಅಂದಳು ಹುಡುಗಿ. "ಎಷ್ಟು ದಿನ ಬರ್ಲಿಲ್ಲ ಅಂತ ಹೆಂಗೆ ಗೊತ್ತಾಗ್ತದೆ?"

ಪುಸ್ತಕ ತಿರುವಿ ನೋಡಿದೆ. ಸೊನ್ನೆಗಳ ಸಾಲು, ನಡುವೆ ಒಂದು 2, ಒಂದು 11, ಮತ್ತೆ ಸೊನ್ನೆಗಳು. ದಪ್ಪ ಅಕ್ಷರ, ಸಣ್ಣ ಅಕ್ಷರ, ಓರೆ ಅಕ್ಷರ. ಎಷ್ಟೋ ಮಕ್ಕಳ ಕೈಬರಹ. ಅಷ್ಟರಲ್ಲಿ ಮನೆಯಿಂದ ಅಮ್ಮ ಫೋನ್ ಮಾಡಿ ನಮ್ಮ ಮಾಪಕದ್ದು 22 ಎಂದರು. ಆ ಸಂಖ್ಯೆ ಕೇಳಿ ಮಕ್ಕಳಿಗೆ ಆಸೆಯಾಯಿತು. "ಅಲ್ಲಿ ಯಾವಾಗಾದ್ರೂ ಸೊನ್ನೆ ಬರ್ತದಾ ಅಕ್ಕಾ?" ಬರುತ್ತದೆ, ಜನವರಿ, ಫೆಬ್ರವರಿಯಲ್ಲಿ ಬಾವಿ ತಳ ಕಾಣುವುದೂ ಇದೆ ಎಂದೆ. ಅಷ್ಟು ಮಳೆ ಬೀಳುವ ಊರಲ್ಲಿ ಬೇಸಿಗೆಗೆ ನೀರಿಲ್ಲ ಅಂದರೆ ಅವರಿಗೆ ನಂಬಿಕೆ ಬರಲಿಲ್ಲ. ಅಕ್ಕ ಮಾತ್ರ ನನ್ನ ಕಡೆ ನೋಡಿ, "ಹೊಂಡ ಕಟ್ಟಿ ತಂಗಿ" ಅಂದರು. ಊರಿಗೆ ಬಂದ ಮೇಲೆ ತೋಟದ ಮೇಲ್ಗಡೆ ಜಾಗ ನೋಡಿ ಗುರುತು ಹಾಕಿದ್ದೇವೆ.

ಹೊರಡುವಾಗ ಹೊಸ ಶೇಂಗಾ ಬಂದ ಮೇಲೆ ಕಳಿಸುತ್ತೇನೆ ಎಂದರು. ನಾನು ಜುಲೈಗೆ ಬರಲೇಬೇಕು ಎಂದೆ. ಒಂದೇ ದಿನದಲ್ಲಿ ನೂರು ಮಿ.ಮೀ. ಬೀಳುವುದನ್ನು ಅವರು ಜೀವನದಲ್ಲಿ ನೋಡಿಲ್ಲ. ಆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬರಲಿ, ನಮ್ಮ ಮಾಪಕದ ನೀರನ್ನು ಅವರೇ ಅಳೆಯಲಿ ಎಂದು ನನ್ನ ಆಸೆ. ಬಿತ್ತನೆ ಹೊತ್ತು ನೋಡಿಕೊಂಡು ತಿಳಿಸುತ್ತೇನೆ ಎಂದಿದ್ದಾರೆ. ಶಿವಮೊಗ್ಗದವರೆಗೆ ಯಾವ ಬಸ್ಸಾದರೂ ಆಗುತ್ತದೆ, ಅಲ್ಲಿಂದ ಆಗುಂಬೆ ಮೇಲೆ ಬರುವ ಮಿನಿ ಬಸ್ ಹಿಡಿದು ಕಿಟಕಿ ಪಕ್ಕ ಕೂರಿ, ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ ಎಂದು ಬರೆದು ಕಳಿಸಿದ್ದೇನೆ.