‘ಸಂಸ್ಥಾಪಕರು’ ಎಂದು ನಾನು ಬರೆದ ಸಾಲು

ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಕಳೆದ ವರ್ಷದ ಪರಿಚಯ ಪುಸ್ತಿಕೆಯ ಒಂದು ಪ್ರತಿಯನ್ನು ಉಳಿಸಿಕೊಂಡಿದ್ದೇನೆ. ಇಪ್ಪತ್ತನಾಲ್ಕು ಪುಟ, ನಡುವೆ ಎರಡು ಪಿನ್ನು, ರಕ್ಷಾಪುಟಕ್ಕೆ ಲ್ಯಾಮಿನೇಷನ್. ಒಂಬತ್ತನೆಯ ಪುಟದಲ್ಲಿ ಒಂದು ಸಾಲಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದೆ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅದರ ಕೆಳಗಿನ ಅಕ್ಷರಗಳು ಈಗಲೂ ಕಾಣುತ್ತವೆ. ಆ ಸಾಲನ್ನು ಬರೆದವಳು ನಾನು.

ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗುಣಮಟ್ಟ ಸಮಿತಿಯ (ಐಕ್ಯೂಎಸಿ) ಕಡತ, ಪಠ್ಯಕ್ರಮ ಮಂಡಳಿಯ (ಬಿಓಎಸ್) ನಡಾವಳಿ, ಕೈಗೊಂಡ ಕ್ರಮಗಳ ವರದಿ (ಎಟಿಆರ್), ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬರುವ ವರ್ಷವಾದರೆ ರಾತ್ರಿ ಎಂಟರವರೆಗೂ ಅದಕ್ಕೆ ಕೊಡಬೇಕಾದ ಸ್ವಯಂ ಅಧ್ಯಯನ ವರದಿ, ಅಂದರೆ ಎಸ್‌ಎಸ್‌ಆರ್. ಇವುಗಳ ಜೊತೆಗೆ, ಹೊಸ ಉದ್ಯಮ ಆರಂಭಿಸುವವರಿಗೆ ನೆರವಾಗುವ ನಮ್ಮ ಇನ್‌ಕ್ಯುಬೇಷನ್ ಕೇಂದ್ರದ ಸಲಹಾ ಮಂಡಳಿಯ ಕೆಲಸವೂ ನನ್ನ ಪಾಲಿನದೇ. ಮಂಡಳಿಯಲ್ಲಿ ಒಂಬತ್ತು ಮಂದಿ ಇದ್ದಾರೆ: ಐವರು ಉದ್ಯಮದಿಂದ ಬಂದವರು, ನಾಲ್ವರು ವಿದ್ವಾಂಸರು. ಪ್ರತಿ ಅವಧಿಯ ಮೊದಲ ಸಭೆಗೆ ಇವರೆಲ್ಲರ ವೃತ್ತಿ ಹಿನ್ನೆಲೆಯನ್ನು ತರಿಸಿಕೊಂಡು, ಕನ್ನಡಕ್ಕೆ ತಂದು, ತಲಾ ಅರವತ್ತು ಪದಗಳಿಗೆ ಇಳಿಸಿ ಅಚ್ಚು ಹಾಕಿಸಬೇಕು. ಅರವತ್ತು ಪದಗಳ ಮಿತಿಯನ್ನು ಹಾಕಿದ್ದು ಆಡಳಿತ ಕಚೇರಿ. ನಲವತ್ತು ವರ್ಷ ದುಡಿದವರ ಬದುಕು ಅರವತ್ತು ಪದಗಳಲ್ಲಿ ಹೇಗೆ ಹಿಡಿಸುತ್ತದೆ ಎಂದು ಅಲ್ಲಿ ಯಾರೂ ಯೋಚಿಸಿದಂತಿಲ್ಲ. ಆಗ ನಾನೂ ಯೋಚಿಸಲಿಲ್ಲ.

ಉದ್ಯಮಿಗಳ ಬಯೋಡೇಟಾ ಅವರ ಆಪ್ತ ಸಹಾಯಕರಿಂದ ಬರುತ್ತದೆ. ಅದು ಇಂಗ್ಲಿಷಿನಲ್ಲಿ ಇರುತ್ತದೆ, ವಿಶೇಷಣಗಳು ಹೆಚ್ಚು, ಇಸವಿಗಳು ಕಡಿಮೆ. ವಿದ್ವಾಂಸರದು ಇದಕ್ಕೆ ತೀರಾ ವ್ಯತಿರಿಕ್ತ: ಹದಿನಾಲ್ಕು ಪುಟ, ಅದರಲ್ಲಿ ಹನ್ನೊಂದು ಪುಟ ಪ್ರಕಟಣೆಗಳ ಪಟ್ಟಿ. ಒಬ್ಬಿಬ್ಬರು ಹಿರಿಯರು ಇಂದಿಗೂ ‘ನುಡಿ’ ಎಂಬ ಹಳೆಯ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಟೈಪು ಮಾಡಿಸಿ ಕಳಿಸುತ್ತಾರೆ. ಅದನ್ನು ಯೂನಿಕೋಡಿಗೆ ಬದಲಾಯಿಸಿದ ಕೂಡಲೇ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಹಾರಿ ಕೂರುತ್ತವೆ. ನನ್ನ ಸಮಯದ ಅರ್ಧ ಭಾಗ ಇಂಥ ಅಕ್ಷರಗಳನ್ನು ಹೆಕ್ಕಿ ಸರಿಪಡಿಸುವುದಕ್ಕೇ ಹೋಗುತ್ತಿತ್ತು. ಅಕ್ಷರದ ತಪ್ಪು ಕಣ್ಣಿಗೆ ಬೀಳುತ್ತದೆ, ಸಂಗತಿಯ ತಪ್ಪು ಬೀಳುವುದಿಲ್ಲ. ನಾನು ಆ ವಾರವೆಲ್ಲ ಕಣ್ಣಿಗೆ ಬೀಳುವುದನ್ನೇ ತಿದ್ದುತ್ತ ಕುಳಿತಿದ್ದೆ.

ಕಳೆದ ವರ್ಷ ಸಭೆ ಶನಿವಾರಕ್ಕೆ ಗೊತ್ತಾಗಿತ್ತು. ಅದರ ಹಿಂದಿನ ದಿನ ಆಷಾಢ ಶುಕ್ರವಾರ. ಪ್ರೆಸ್ಸಿನ ಹುಡುಗರೆಲ್ಲ ಬೆಟ್ಟಕ್ಕೆ ಹೋಗುತ್ತಾರೆ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಫೈನಲ್ ಕೊಡದಿದ್ದರೆ ಪುಸ್ತಿಕೆ ಸಿಗುವುದಿಲ್ಲ ಎಂದು ಪ್ರೆಸ್ಸಿನವರು ಖಂಡಿತವಾಗಿ ಹೇಳಿದ್ದರು. ಬುಧವಾರ ರಾತ್ರಿ ಹನ್ನೊಂದರ ಸುಮಾರಿಗೆ ಒಂಬತ್ತು ಮಂದಿಗೂ ಅವರವರ ಪರಿಚಯದ ಪ್ರೂಫನ್ನು ವಾಟ್ಸಾಪಿನಲ್ಲಿ ಕಳಿಸಿ, ತಿದ್ದುಪಡಿ ಇದ್ದರೆ ಬೆಳಿಗ್ಗೆ ಒಂಬತ್ತರೊಳಗೆ ತಿಳಿಸಬೇಕೆಂದು ಕೋರಿದೆ. ಐವರು ಉತ್ತರ ಬರೆದರು. ಉಳಿದ ನಾಲ್ವರ ಹೆಸರಿನ ಮುಂದೆ ಎರಡು ನೀಲಿ ಗುರುತು ಬಿದ್ದಿದ್ದವು. ಓದಿದ್ದಾರೆ, ತಪ್ಪಿದ್ದರೆ ಹೇಳುತ್ತಿದ್ದರು ಎಂದುಕೊಂಡು ಕಡತವನ್ನು ಪ್ರೆಸ್ಸಿಗೆ ಬಿಟ್ಟೆ. ಆ ನಾಲ್ವರಿಗೆ ಒಂದೊಂದು ಫೋನು ಮಾಡಿದ್ದರೆ ಇಪ್ಪತ್ತು ನಿಮಿಷವೂ ಹಿಡಿಯುತ್ತಿರಲಿಲ್ಲ.

ಆ ನಾಲ್ವರಲ್ಲಿ ಒಬ್ಬರು ಯಂತ್ರೋಪಕರಣ ತಯಾರಿಸುವ ಕಂಪನಿಯೊಂದರ ಮಾಜಿ ಆಡಳಿತ ನಿರ್ದೇಶಕರು. ಅವರ ಇಂಗ್ಲಿಷ್ ಬಯೋಡೇಟಾದಲ್ಲಿ ‘ಫೌಂಡಿಂಗ್ ಟೀಮ್ ಮೆಂಬರ್’ ಎಂದಿತ್ತು. ಕಂಪನಿ ಶುರುವಾದಾಗ ಸೇರಿದ ಮೊದಲ ಏಳು ನೌಕರರಲ್ಲಿ ಅವರೂ ಒಬ್ಬರು ಎಂಬುದು ಅದರ ಅರ್ಥ. ಪದಗಳ ಲೆಕ್ಕ ಅರವತ್ತನ್ನು ದಾಟುತ್ತಿತ್ತು. ‘ಸಂಸ್ಥೆ ಆರಂಭವಾದಾಗಿನ ತಂಡದ ಸದಸ್ಯರು’ ಎಂಬಲ್ಲಿ ನಾನು ‘ಸಂಸ್ಥಾಪಕರು’ ಎಂದು ಬರೆದೆ. ಮೂರು ಪದ ಉಳಿದವು. ನಿವೃತ್ತರಾದ ಮೇಲೆ ಅವರು ಬೇರೊಂದು ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿಯ ಒಡೆತನಕ್ಕೆ ಸಂಬಂಧವಿಲ್ಲದ ಹೊರಗಿನ ನಿರ್ದೇಶಕರು, ಆಗಿದ್ದರು. ಆ ಎರಡನೆಯ ಕಂಪನಿಯ ಹೆಸರನ್ನೂ ಕತ್ತರಿಸಿದ್ದರಿಂದ ಎರಡು ಸಂಗತಿಗಳು ಒಂದೇ ಸಾಲಿನಲ್ಲಿ ಬೆಸೆದುಕೊಂಡು, ಅವರು ತಮ್ಮದೇ ಕಂಪನಿಯ ‘ಸಂಸ್ಥಾಪಕರು ಹಾಗೂ ಸ್ವತಂತ್ರ ನಿರ್ದೇಶಕರು’ ಎಂದಾಯಿತು.

ಸಭೆಯಲ್ಲಿ ನಿರೂಪಣೆ ಮಾಡುತ್ತಿದ್ದ ನಮ್ಮ ಸಹಾಯಕ ಪ್ರಾಧ್ಯಾಪಕಿ ಪುಸ್ತಿಕೆಯನ್ನು ನೋಡಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದರು. ಎದುರಿಗೆ ಕುಳಿತಿದ್ದ ಹಿರಿಯ ಲೆಕ್ಕ ಪರಿಶೋಧಕಿಯೊಬ್ಬರು, ಅವರೂ ಮಂಡಳಿಯ ಸದಸ್ಯರು, ಕನ್ನಡಕ ಹಾಕಿಕೊಂಡು ಒಂಬತ್ತನೆಯ ಪುಟ ತೆರೆದರು. ನಾನು ಗೋಡೆಯ ಬದಿಯ ಕುರ್ಚಿಯಲ್ಲಿ ನಡಾವಳಿ ಪುಸ್ತಕ ಹಿಡಿದುಕೊಂಡಿದ್ದೆ. ಅವರ ಬೆರಳು ಸಾಲಿನ ಮೇಲೆ ನಿಂತದ್ದು ನನಗೆ ಕಾಣಿಸಿತು. ‘ಇದು ಹೇಗೆ ಸಾಧ್ಯ?’ ಎಂದು ಅವರು ಪಕ್ಕದವರಿಗೆ ಹೇಳಿದ್ದು ಮೇಜಿನ ಮೈಕಿನಲ್ಲಿ ಎಲ್ಲರಿಗೂ ಕೇಳಿತು. ‘ಪ್ರವರ್ತಕರಾದವರು, ಅಂದರೆ ಕಂಪನಿ ಕಟ್ಟಿದವರು, ಅದೇ ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕರಾಗುವ ಹಾಗಿಲ್ಲ. 2013ರ ಕಂಪನಿ ಕಾಯ್ದೆಯ 149ನೇ ಕಲಂ ಓದಿ.’

ಆಗ ಆ ಮಾಜಿ ಆಡಳಿತ ನಿರ್ದೇಶಕರು ಎದ್ದು ನಿಂತರು. ದನಿ ಏರಿಸಲಿಲ್ಲ. ‘ಕಾನೂನಿನ ಮಾತು ಆಮೇಲೆ ಇರಲಿ. ನಾನು ಸಂಸ್ಥಾಪಕನಲ್ಲ. ಸಂಸ್ಥಾಪಕರು ತೀರಿಕೊಂಡು ನಾಲ್ಕು ವರ್ಷ ಆಯಿತು. ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಕರೆದು ಕೆಲಸ ಕೊಟ್ಟವರು ಅವರು. ಈ ಪುಸ್ತಕ ಅವರ ಮನೆಯವರ ಕೈಗೆ ಸಿಕ್ಕಿದರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಗೆ ಹೋಗಲಿ?’

ಸಭಾಂಗಣದಲ್ಲಿ ಏಸಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪ್ರಾಂಶುಪಾಲರು ತಲೆ ತಿರುಗಿಸಿ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ, ಆದರೆ ನನ್ನ ಬಾಯಿಂದ ಮೊದಲು ಹೊರಟ ಮಾತು ‘ಕ್ಷಮಿಸಿ’ ಎಂಬುದಾಗಿರಲಿಲ್ಲ. ‘ಪ್ರೂಫ್ ಕಳಿಸಿದ್ದೆ ಸರ್, ನೀವು ನೋಡಿದ್ದಿರಿ’ ಎಂದೆ. ಆ ಮಾತು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ‘ರಾತ್ರಿ ಹೊತ್ತು ಫೋನು ಮೊಮ್ಮಗಳ ಕೈಯಲ್ಲಿರುತ್ತದಮ್ಮ’ ಎಂದಷ್ಟೇ ಹೇಳಿ ಕುಳಿತರು. ಕ್ಷಮೆ ಕೇಳಿದ್ದು ಆಮೇಲೆ. ಊಟದ ಬಿಡುವಿನಲ್ಲಿ ನಾನೂ ಅಟೆಂಡರೂ ಕುಳಿತು ಅರವತ್ತು ಪ್ರತಿಗಳಿಗೆ ಸ್ಟಿಕ್ಕರ್ ಹಚ್ಚಿದೆವು.

ಇಷ್ಟೇ ಆಗಿದ್ದರೆ ನಾನು ಇದನ್ನು ಒಂದು ಪದದ ತಪ್ಪೆಂದು ಲೆಕ್ಕ ಹಾಕಿ ಮರೆತುಬಿಡುತ್ತಿದ್ದೆನೋ ಏನೋ. ಮಧ್ಯಾಹ್ನದ ಕಲಾಪ ಅದಕ್ಕೆ ಅವಕಾಶ ಕೊಡಲಿಲ್ಲ.

ಮಧ್ಯಾಹ್ನದ ಮೊದಲ ವಿಷಯ ಮಂಡ್ಯ ಕಡೆಯ ಯುವಕನೊಬ್ಬನ ಪ್ರಸ್ತಾವ. ಆಲೆಮನೆಗಳಿಂದ ಬೆಲ್ಲ ಕೊಂಡು ಪುಡಿ ಬೆಲ್ಲ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುವ ಘಟಕ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಗುರುತಿಸಿರುವುದು ಬೆಲ್ಲವೇ ಆದ್ದರಿಂದ ಸಾಲ, ಸಹಾಯಧನಕ್ಕೆ ದಾರಿ ಇದೆ ಎಂದು ಹುಡುಗ ಚೆನ್ನಾಗಿಯೇ ವಿವರಿಸಿದ. ಸ್ಟೀಲ್ ತಟ್ಟೆಯಲ್ಲಿ ಮಾದರಿ ಬೆಲ್ಲವೂ ಬಂತು. ಅಧ್ಯಕ್ಷರು ಯಾರ ಅಭಿಪ್ರಾಯ ಕೇಳಬೇಕೆಂದು ಪುಸ್ತಿಕೆಯನ್ನೇ ತಿರುವಿ ನೋಡಿದರು. ಯಂತ್ರಗಳ ಕಂಪನಿಯವರನ್ನು ಕೇಳಿದಾಗ ಅವರು, ತಮ್ಮ ಅನುಭವ ಲೋಹ ಕೊರೆಯುವ ಯಂತ್ರಗಳದು, ಆಹಾರದ್ದಲ್ಲ ಎಂದು ಒಪ್ಪಿಕೊಂಡರು. ಮಾತು ಮಾರಾಟದ ಪರಿಣತರ ಕಡೆ ಹೊರಳಿ, ಲೇಬಲ್ಲು, ಬೆಲೆ, ಆನ್‌ಲೈನ್ ಮಾರಾಟ ಎಂದು ಇಪ್ಪತ್ತು ನಿಮಿಷ ನಡೆಯಿತು.

ಮೇಜಿನ ತುದಿಯಲ್ಲಿ ರಸಾಯನಶಾಸ್ತ್ರದ ವಿಶ್ರಾಂತ ಪ್ರಾಧ್ಯಾಪಕರೊಬ್ಬರು ಕುಳಿತಿದ್ದರು. ಅವರು ತಟ್ಟೆಯಿಂದ ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಮತ್ತೆ ತಟ್ಟೆಯ ಅಂಚಿನಲ್ಲಿ ಇಟ್ಟರು. ಯಾರೂ ಅವರನ್ನು ಕೇಳಲಿಲ್ಲ. ಕೇಳುವುದಾದರೂ ಹೇಗೆ? ಅವರ ಪುಟದಲ್ಲಿ ನಾನು ಬರೆದಿದ್ದು ಎಷ್ಟು ಮಂದಿಗೆ ಪಿಎಚ್‌.ಡಿ. ಮಾರ್ಗದರ್ಶನ ಮಾಡಿದ್ದಾರೆ, ಯಾವ ಯಾವ ಸಮಿತಿಗಳಲ್ಲಿದ್ದರು, ಯಾವ ಸನ್ಮಾನಗಳು ಬಂದಿವೆ ಎಂಬುದನ್ನು. ಅವರ ಬಯೋಡೇಟಾದ ಮೊದಲ ಪುಟದಲ್ಲಿ, ಎಂ.ಎಸ್ಸಿ. ಮುಗಿಸಿದ ಮೇಲೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಆರು ಹಂಗಾಮು ಪಾಳಿ ಕೆಮಿಸ್ಟ್ ಆಗಿದ್ದರು ಎಂಬ ಒಂದೂವರೆ ಸಾಲು ಇತ್ತು. ಪ್ರಾಧ್ಯಾಪಕರಿಗೆ ಅದು ಸಣ್ಣ ಹುದ್ದೆ, ಹಳೆಯ ಸಂಗತಿ, ಬೇಕಿಲ್ಲ ಎಂದು ಮೊದಲು ಅಳಿಸಿದ್ದೇ ಅದನ್ನು.

ಟೀ ಬಿಡುವಿನಲ್ಲಿ ಅವರು ನನ್ನನ್ನು ವರಾಂಡಕ್ಕೆ ಕರೆದರು. ಅಂಗೈಯಲ್ಲಿ ಅದೇ ಮಾದರಿಯ ಒಂದು ಚೂರಿತ್ತು. ‘ಈ ಬಣ್ಣ ನೋಡಮ್ಮ. ಕಬ್ಬಿನ ಹಾಲಿಗೆ ಸುಣ್ಣ ಬಿಟ್ಟು, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದು ಕಾಯಿಸಿದರೆ ಬೆಲ್ಲ ಇಷ್ಟು ಬೆಳ್ಳಗೆ ಬರುವುದಿಲ್ಲ. ಆಲೆಮನೆಯವರು ಹೈಡ್ರೋಸ್, ಅಂದರೆ ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ, ಹಾಕಿರಬೇಕು. ಗಂಧಕದ ಅಂಶ ಮಿತಿ ಮೀರಿದರೆ ಈ ಹುಡುಗನ ಪ್ಯಾಕೆಟ್ಟನ್ನೇ ಹಿಡಿಯುತ್ತಾರೆ, ಆಲೆಮನೆಯವನನ್ನಲ್ಲ.’ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ದಶಲಕ್ಷಕ್ಕೆ 70 ಭಾಗ ಮೀರಬಾರದು ಎಂಬ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವನ್ನೂ, ಪಾಕದಲ್ಲಿ ಸಕ್ಕರೆ ಒಡೆದು ಗ್ಲೂಕೋಸು ಫ್ರಕ್ಟೋಸು ಹೆಚ್ಚಾದ ಬೆಲ್ಲವನ್ನು ಪುಡಿ ಮಾಡಿದರೆ ಮಳೆಗಾಲದಲ್ಲಿ ತೇವ ಎಳೆದುಕೊಂಡು ಮತ್ತೆ ಮುದ್ದೆ ಕಟ್ಟುತ್ತದೆ ಎಂಬುದನ್ನೂ ಅವರು ಅಲ್ಲೇ ನಿಂತು ಹೇಳಿದರು. ಸಭೆಯಲ್ಲೇ ಏಕೆ ಹೇಳಲಿಲ್ಲ ಸರ್ ಎಂದೆ. ‘ಕೇಳದೆ ಹೇಳುವ ಅಭ್ಯಾಸ ನನಗಿಲ್ಲ. ಅದೂ ಅಲ್ಲದೆ, ಇವರಿಗೆ ಬೆಲ್ಲದ ವಿಷಯ ಏನು ಗೊತ್ತು ಎಂದು ಅಲ್ಲಿದ್ದವರು ಅಂದುಕೊಂಡರೆ ಅದಕ್ಕೆ ನನ್ನಲ್ಲಿ ಉತ್ತರವಿತ್ತೇ? ಪುಸ್ತಕದಲ್ಲಿ ಇಲ್ಲವಲ್ಲ.’

ನಾನು ಕಪ್ಪನ್ನು ಅಲ್ಲೇ ಇಟ್ಟು ಪ್ರಾಂಶುಪಾಲರ ಬಳಿಗೆ ಓಡಿದೆ. ನಡಾವಳಿಗೆ ಸಹಿ ಬೀಳುವ ಮೊದಲು ವಿಷಯವನ್ನು ಮತ್ತೆ ತೆರೆದು, ಪ್ರಯೋಗಾಲಯದ ವರದಿ ಬಂದ ಮೇಲೆ ಪರಿಗಣಿಸುವುದೆಂದೂ, ಪ್ರಾಧ್ಯಾಪಕರು ಹುಡುಗನಿಗೆ ಮಾರ್ಗದರ್ಶನ ನೀಡಬೇಕೆಂದೂ ತೀರ್ಮಾನವಾಯಿತು. ಹುಡುಗ ಆಮೇಲೆ ಮೂರು ಆಲೆಮನೆ ಬದಲಾಯಿಸಿದ. ಈಗ ಅವನು ಕೊಡುವ ಪುಡಿ ಕಂದು ಬಣ್ಣದ್ದು.

ಅದೇ ಪ್ರಾಧ್ಯಾಪಕರು ಮುಂದೊಂದು ದಿನ ಲೆಸ್ಲಿ ಕೋಲ್ಮನ್ ಅವರ ಉದಾಹರಣೆ ಕೊಟ್ಟರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ವಿದ್ವಾಂಸರು; 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬರಲು ದುಡಿದವರಲ್ಲಿ ಮುಖ್ಯರು. ಅಷ್ಟನ್ನೇ ಬರೆದರೆ ಅವರು ಆಡಳಿತಗಾರರಂತೆ ಕಾಣುತ್ತಾರೆ. ಆದರೆ ಅವರು 1908ರಲ್ಲಿ ಇಲ್ಲಿಗೆ ಬಂದದ್ದು ಕೀಟ ಮತ್ತು ಶಿಲೀಂಧ್ರಗಳ ತಜ್ಞರಾಗಿ; ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದವರು. ರೈತನ ತೋಟದಲ್ಲಿ ನಿಂತು ರೋಗ ನೋಡಿದ ಮನುಷ್ಯ ಎಂಬುದು ಗೊತ್ತಿದ್ದರೆ, ಕಬ್ಬಿನ ಬಗ್ಗೆ ಅವರ ಮಾತಿಗೆ ಏಕೆ ತೂಕವಿತ್ತು ಎಂಬುದೂ ಗೊತ್ತಾಗುತ್ತದೆ. ಕೊನೆಯ ಹುದ್ದೆಯೊಂದನ್ನೇ ಬರೆಯುವುದೆಂದರೆ ಮನೆಯ ತಾರಸಿಯನ್ನಷ್ಟೇ ಅಳೆದ ಹಾಗೆ ಎಂದು ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಈ ವರ್ಷ ನಾನು ಕೆಲಸವನ್ನು ಬೇರೆ ರೀತಿ ಮಾಡಿದ್ದೇನೆ. ಕಂಪನಿಗಳ ನಿರ್ದೇಶಕರಾದವರ ಎಂಟು ಅಂಕಿಯ ನಿರ್ದೇಶಕ ಗುರುತಿನ ಸಂಖ್ಯೆ (ಡಿನ್) ಕೇಳಿ ಪಡೆದು, ಯಾವ ಕಂಪನಿಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದ ವಿವರಗಳೊಂದಿಗೆ ತಾಳೆ ನೋಡುತ್ತೇನೆ. ಇದು ಅವರ ಮೇಲಿನ ಅನುಮಾನವಲ್ಲ. ಮೂರು ವರ್ಷ ಸತತವಾಗಿ ವಾರ್ಷಿಕ ವಿವರ ಸಲ್ಲಿಸದ ಕಂಪನಿಗಳ 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಸರ್ಕಾರ 2017ರಲ್ಲಿ ಅನರ್ಹಗೊಳಿಸಿದಾಗ, ತಾವು ಇನ್ನೂ ಹೆಸರಿಗೆ ನಿರ್ದೇಶಕರಾಗಿದ್ದೇವೆ ಎಂಬುದನ್ನೇ ಮರೆತಿದ್ದವರೂ ಅದರಲ್ಲಿ ಸಿಕ್ಕಿಕೊಂಡಿದ್ದರು ಎಂದು ನಮ್ಮ ಲೆಕ್ಕ ಪರಿಶೋಧಕಿಯವರೇ ಹೇಳಿದ್ದಾರೆ. ವಿದ್ವಾಂಸರ ವಿವರವನ್ನು ತಜ್ಞರ ಮಾಹಿತಿ ಇರುವ ವಿದ್ವಾನ್ ಜಾಲತಾಣದಲ್ಲಿ, ಪ್ರಬಂಧವನ್ನು ಸಂಶೋಧನಾ ಪ್ರಬಂಧಗಳ ಸಂಗ್ರಹವಾದ ಶೋಧಗಂಗಾದಲ್ಲಿ ನೋಡುತ್ತೇನೆ. ಪದ್ಮ ಪ್ರಶಸ್ತಿಯನ್ನು ಬಿರುದಿನಂತೆ ಹೆಸರಿನ ಹಿಂದೆ ಮುಂದೆ ಸೇರಿಸಬಾರದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಆ ರೂಢಿ ಹೋಗಿಲ್ಲ. ಅದನ್ನೂ ಈ ಬಾರಿ ನಿಲ್ಲಿಸಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾಗಿ, ಒಂಬತ್ತು ಮಂದಿಗೂ ಫೋನು ಮಾಡಿ ಅವರ ಪರಿಚಯವನ್ನು ನಾನೇ ಓದಿ ಹೇಳುತ್ತೇನೆ. ಮೊದಲ ಕೆಲಸ ಯಾವುದು, ಎಷ್ಟು ವರ್ಷ, ಅಲ್ಲಿ ಕೈಯಾರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ. ಮಾರಾಟದ ಪರಿಣತರು ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು ಎಂಬುದು ಹೀಗೆ ತಿಳಿಯಿತು.

ಯಂತ್ರಗಳ ಕಂಪನಿಯ ಹಿರಿಯರಿಗೆ ಫೋನು ಮಾಡಲು ಎರಡು ದಿನ ಧೈರ್ಯ ಸಾಲಲಿಲ್ಲ. ಮಾಡಿದಾಗ ಅವರು ಪೂರ್ತಿ ಕೇಳಿಸಿಕೊಂಡು, ‘ಒಂದು ಸಾಲು ಸೇರಿಸಬಹುದೇನಮ್ಮ?’ ಎಂದರು. ತಮಗೆ ಕೆಲಸ ಕಲಿಸಿದ ಸಂಸ್ಥಾಪಕರ ಹೆಸರು, ಅವರ ಕೈಕೆಳಗೆ ಲೇತಿನ ಮೇಲೆ ಕಳೆದ ನಾಲ್ಕು ವರ್ಷ, ಇಷ್ಟನ್ನು ಅವರೇ ನಿಧಾನವಾಗಿ ಹೇಳಿ ಬರೆಸಿದರು. ಅವರ ಪರಿಚಯ ಎಂಬತ್ತೆರಡು ಪದ ಆಗಿದೆ. ಅರವತ್ತಕ್ಕೆ ಇಳಿಸಿ ಎಂದು ಆಡಳಿತ ಕಚೇರಿಯಿಂದ ಟಿಪ್ಪಣಿ ಬಂದಿದೆ. ನಾನು ಇಳಿಸಿಲ್ಲ. ಕಾರಣವನ್ನು ಒಂದು ಪುಟದಲ್ಲಿ ಬರೆದು, ಸ್ಟಿಕ್ಕರ್ ಹಚ್ಚಿದ ಹಳೆಯ ಪುಸ್ತಿಕೆಯನ್ನು ಜೊತೆಗಿಟ್ಟು ಪ್ರಾಂಶುಪಾಲರಿಗೆ ಕಳಿಸಿದ್ದೆ. ಪುಸ್ತಿಕೆ ನಿನ್ನೆ ನನ್ನ ಡ್ರಾಯರಿಗೆ ವಾಪಸು ಬಂದಿದೆ, ಕಡತ ಇನ್ನೂ ಅವರ ಮೇಜಿನ ಮೇಲಿದೆ.