ಮೇಲೆ ಹಾಕಮ್ಮ, ಸರಿಹೋಗುತ್ತೆ

ಮೂರೇ ಪದ. ಹೇಳಿದ್ದು ನಾನೇ. ಹೇಳಿ ಮೂರು ವಾರ ಆಗಿತ್ತು, ಮರೆತೂ ಬಿಟ್ಟಿದ್ದೆ. ಈ ಮಂಗಳವಾರ ಗೋಡೌನ್‌ನಿಂದ ಒಂದು ಫೋನ್ ಬಂದ ಮೇಲೆ ನೆನಪಾಯಿತು. ಆವತ್ತಿನಿಂದ ಊಟ ಮಾಡುವಾಗ, ಸ್ನಾನ ಮಾಡುವಾಗ, ಸುಮ್ನೆ ಕೂತಾಗ ಅದೇ ಕೇಳಿಸುತ್ತಿದೆ. ಅದೂ ನನ್ನದೇ ದನಿಯಲ್ಲಿ.

ಫೋನ್ ಮಾಡಿದ್ದು ಸ್ಟೋರ್‌ಕೀಪರ್. ನಾವು ಬರೆದುಕೊಟ್ಟ ವಿಂಡೋಸ್ ಫಾರ್ಮ್ಸ್ (ವಿಂಡೋಸ್ ಸ್ಕ್ರೀನುಗಳನ್ನು ಕಟ್ಟುವ ಮೈಕ್ರೋಸಾಫ್ಟಿನ ಸಲಕರಣೆ) ಅಪ್ಲಿಕೇಶನ್‌ನಲ್ಲಿ ದಿನಾ ಬಂದ ಸರಕನ್ನು ಎಂಟ್ರಿ ಮಾಡುವವರು. ಸ್ಕ್ರೀನ್ ತುಂಬಾ ಸರಳ. "ಸಾಲು ಸೇರಿಸು" ಒತ್ತಿದರೆ ಹೊಸದೊಂದು ಸಾಲು ಬರುತ್ತದೆ. ಸರಕಿನ ಹೆಸರು ಪಟ್ಟಿಯಿಂದ ಆರಿಸಲು ಕಾಂಬೊ ಬಾಕ್ಸ್, ಎಷ್ಟು ಬಂತು ಅನ್ನೋದಕ್ಕೆ ಟೆಕ್ಸ್ಟ್ ಬಾಕ್ಸ್, ಪಕ್ಕದಲ್ಲಿ "ಅಳಿಸು" ಬಟನ್. ಎಷ್ಟು ಐಟಂ ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲವಲ್ಲ, ಅದಕ್ಕೆ ಇವನ್ನು ಡಿಸೈನರ್‌ನಲ್ಲಿ ಎಳೆದು ಕೂರಿಸಿಲ್ಲ. ಪ್ರೋಗ್ರಾಮ್ ಓಡುತ್ತಿರುವಾಗಲೇ ಕೋಡ್ ಒಂದೊಂದಾಗಿ ಹುಟ್ಟಿಸುತ್ತದೆ.

"ಸರ್, 14 ಐಟಂ ಹಾಕಿದ್ದೆ. 3ನೇದು ತಪ್ಪಾಗಿತ್ತು, ಅದರ ಅಳಿಸು ಒತ್ತಿದೆ. 14ನೇದು ಹೋಯ್ತು. ಇನ್ನೊಂದು ಸಲ ಒತ್ತಿದೆ, ಏನೂ ಆಗ್ಲಿಲ್ಲ. 5ನೇದು ಒತ್ತಿ ನೋಡ್ದೆ, ಅದೂ ಇಲ್ಲ. ಹೊಸ ಸಾಲು ಸೇರಿಸಿ ಮತ್ತೆ 3ನೇದನ್ನ ಒತ್ತಿದ್ರೆ, ಆ ಹೊಸದೇ ಹೋಯ್ತು."

ಇಷ್ಟು ಚೆನ್ನಾಗಿ ಬಗ್ ಹೇಳುವವರನ್ನು ನಾನು ಆಫೀಸಿನ ಒಳಗೆ ಇದುವರೆಗೆ ನೋಡಿಲ್ಲ. ನಮ್ಮ ಟೆಸ್ಟರ್ ಆಗಿದ್ದರೆ "ಡಿಲೀಟ್ ಕೆಲಸ ಮಾಡುತ್ತಿಲ್ಲ" ಅಂತ ಒಂದು ಸಾಲು ಬರೆದು, ಜೊತೆಗೆ ಅರ್ಧ ಸ್ಕ್ರೀನಿನ ಮಸುಕು ಚಿತ್ರ ಅಂಟಿಸುತ್ತಿದ್ದರು. ಇವರು ಏನು ಒತ್ತಿದರು, ಏನಾಯಿತು, ಆಮೇಲೆ ಏನು ಒತ್ತಿದರು, ಅಷ್ಟನ್ನೇ ಹೇಳಿದರು. ಫೋನ್ ಇಡುವ ಮುಂಚೆ ಇನ್ನೊಂದು ಮಾತನ್ನೂ ಸೇರಿಸಿದರು. ಹೋದ ವಾರ ಇದನ್ನು ಗಮನಿಸದೆ ಸೇವ್ ಮಾಡಿದ್ದರಂತೆ. ಲೆಕ್ಕ ತಾಳೆ ಆಗದೆ ರಾತ್ರಿವರೆಗೆ ಇಬ್ಬರು ನಿಂತು ಪೆಟ್ಟಿಗೆ ಎಣಿಸಿದ್ದಾರೆ. ಅದನ್ನು ಬೈಯುವ ಹಾಗೇನೂ ಹೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಕೋಡ್ ತೆರೆದೆ. ಹುಡುಕುವ ಕಷ್ಟವೇ ಇರಲಿಲ್ಲ. ಸ್ಕ್ರೀನಿನ ಕೋಡೆಲ್ಲ ಇರುವ ಫಾರ್ಮ್ ಕ್ಲಾಸಿನ ನೆತ್ತಿಯ ಮೇಲೇ ಕೂತಿತ್ತು, ಬಾಕ್ಸು, ಬಟನ್ನು ಎಲ್ಲ ಹಿಡಿದಿಡುವ ಸಾಲಿನ ಪ್ಯಾನೆಲ್‌ಗೆ ಅಂತ ಒಂದೇ ಒಂದು ವೇರಿಯಬಲ್. ನೋಡಿದ ಕೂಡಲೇ ಗೊತ್ತಾಯಿತು, ಇದನ್ನು ಅಲ್ಲಿಗೆ ಕಳಿಸಿದ್ದು ನಾನು.

ನಡೆದದ್ದು ಇಷ್ಟು. ಹೊಸ ಹುಡುಗಿ ಸೇರಿ ಎರಡನೇ ವಾರ. "ಸಾಲು ಸೇರಿಸು" ಬಟನ್ನಿನ ಹ್ಯಾಂಡ್ಲರ್ (ಒತ್ತಿದಾಗ ಓಡುವ ಕೋಡ್) ಒಳಗೆ ಪ್ಯಾನೆಲ್ ಹುಟ್ಟಿಸಿ, ಅದರೊಳಗೆ ಬಾಕ್ಸು, ಬಟನ್ನು ಎಲ್ಲ ಸೇರಿಸಿದ್ದಳು. ಅಳಿಸು ಬಟನ್ನಿನ ಕ್ಲಿಕ್ಕಿಗೆ ಇನ್ನೊಂದು ಹ್ಯಾಂಡ್ಲರ್ ಕಟ್ಟಿದ್ದಳು. ಆ ಎರಡನೇ ಹ್ಯಾಂಡ್ಲರ್‌ನಲ್ಲಿ ಪ್ಯಾನೆಲ್ ಹೆಸರು ಬರೆದರೆ ಕೋಡನ್ನು ಪರೀಕ್ಷಿಸಿ ಪ್ರೋಗ್ರಾಮ್ ಮಾಡುವ ಕಂಪೈಲರ್ ಒಪ್ಪಲಿಲ್ಲ. ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಕೆಂಪು ಗೆರೆ ಎಳೆಯಿತು. ಸರಿಯೇ ತಾನೆ? ಒಂದು ಮೆಥಡ್ (ಹೆಸರಿಟ್ಟ ಕೋಡಿನ ತುಂಡು, ಹ್ಯಾಂಡ್ಲರ್ ಕೂಡ ಅದೇ) ಒಳಗೆ ಹುಟ್ಟಿದ ಹೆಸರು ಇನ್ನೊಂದು ಮೆಥಡ್‌ಗೆ ಕಾಣುವುದಿಲ್ಲ. ಅವಳು ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತು ಕೇಳಿದಳು, "ಸರ್, ಇಲ್ಲಿ ಮಾಡಿದ ಪ್ಯಾನೆಲ್ ಅಲ್ಲಿ ಹೇಗೆ ಸಿಗುತ್ತೆ?"

ನಾನು ಯಾವುದೋ ರಿಪೋರ್ಟ್‌ನಲ್ಲಿ ಮುಳುಗಿದ್ದೆ. ತಿರುಗಿ ನೋಡಲಿಲ್ಲ. "ಮೇಲೆ ಹಾಕಮ್ಮ, ಸರಿಹೋಗುತ್ತೆ."

ಅವಳು ಹೋಗಿ ಆ ಹೆಸರು ಹುಟ್ಟಿಸುವ ಡಿಕ್ಲರೇಶನ್ ಅನ್ನು ಮೆಥಡ್‌ನಿಂದ ಎತ್ತಿ ಕ್ಲಾಸಿನ ಮೇಲೆ ಹಾಕಿದಳು. ಕೆಂಪು ಗೆರೆ ಹೋಯಿತು. ಓಡಿಸಿ ಒಂದು ಸಾಲು ಸೇರಿಸಿದಳು, ಅಳಿಸು ಒತ್ತಿದಳು, ಸಾಲು ಹೋಯಿತು. "ಆಯ್ತು ಸರ್, ಥ್ಯಾಂಕ್ಸ್." ಟೆಸ್ಟರ್ ಕೂಡ ಒಂದೇ ಸಾಲು ಹಾಕಿ ಅಳಿಸಿ ನೋಡಿರಬೇಕು. ಒಂದೇ ಸಾಲಿದ್ದರೆ ಮೊದಲನೆಯದೂ ಅದೇ, ಕೊನೆಯದೂ ಅದೇ. ತಪ್ಪು ಕಾಣಿಸಿಕೊಳ್ಳಲು ಜಾಗವೇ ಇಲ್ಲ.

ವೇರಿಯಬಲ್ ಅಂದರೆ ತೋರುಬೆರಳು ಇದ್ದ ಹಾಗೆ. ಒಂದು ಬೆರಳು ಒಂದು ಸಲಕ್ಕೆ ಒಂದನ್ನೇ ತೋರಿಸುತ್ತದೆ. ಹೊಸ ಪ್ಯಾನೆಲ್ ಹುಟ್ಟಿದಾಗಲೆಲ್ಲ ಬೆರಳು ಹಳೆಯದನ್ನು ಬಿಟ್ಟು ಹೊಸದರ ಕಡೆ ತಿರುಗುತ್ತದೆ. ಹಳೆಯ ಪ್ಯಾನೆಲ್‌ಗಳು ಎಲ್ಲೂ ಹೋಗಿರುವುದಿಲ್ಲ. ಅವನ್ನು ಇಟ್ಟುಕೊಂಡ ಕಂಟೇನರಿನ ಕಂಟ್ರೋಲ್ಸ್ ಪಟ್ಟಿಯಲ್ಲಿ (ಬಾಕ್ಸು, ಬಟನ್ನು, ಪ್ಯಾನೆಲ್ಲು ಎಲ್ಲವೂ ಕಂಟ್ರೋಲುಗಳೇ) ಅವು ಹಾಯಾಗಿ ಕೂತಿರುತ್ತವೆ, ಸ್ಕ್ರೀನ್ ಮೇಲೂ ಕಾಣುತ್ತವೆ. ಬೆರಳು ಮಾತ್ರ 14ನೇದರ ಕಡೆ ಇದೆ. 3ನೇ ಸಾಲಿನ ಬಟನ್ ಒತ್ತಿದಾಗ ಹ್ಯಾಂಡ್ಲರ್ ಆ ಬಟನ್ ಕಡೆ ನೋಡಲೇ ಇಲ್ಲ. ಬೆರಳು ಎತ್ತ ಇತ್ತೋ ಅತ್ತ ನೋಡಿ 14ನ್ನು ಕಿತ್ತುಹಾಕಿತು. ಎರಡನೇ ಸಲ ಒತ್ತಿದಾಗಲೂ ಬೆರಳು ಅದೇ 14ರ ಕಡೆ. ಅದು ಆಗಲೇ ಪಟ್ಟಿಯಲ್ಲಿ ಇಲ್ಲ. ಇಲ್ಲದ್ದನ್ನು ತೆಗೆ ಅಂದರೆ ರಿಮೂವ್ ಗಲಾಟೆ ಮಾಡುವುದಿಲ್ಲ, ತೆಪ್ಪಗೆ ಇದ್ದುಬಿಡುತ್ತದೆ. ಹೊಸ ಸಾಲು ಹಾಕಿದರೆ ಬೆರಳು ಅದಕ್ಕೆ ತಿರುಗುತ್ತದೆ, ಮುಂದಿನ ಒತ್ತಿಗೆ ಅದರ ಸರದಿ. ಸ್ಟೋರ್‌ಕೀಪರ್ ಹೇಳಿದ ಒಂದೊಂದು ವಾಕ್ಯಕ್ಕೂ ಕೋಡ್‌ನಲ್ಲಿ ಉತ್ತರ ಇತ್ತು.

ಬುಧವಾರ ಬೆಳಿಗ್ಗೆ ಮೀಟಿಂಗ್. ಮ್ಯಾನೇಜರ್‌ಗೆ ಏನಾಯಿತು ಅನ್ನುವುದಕ್ಕಿಂತ ಯಾರಿಂದ ಆಯಿತು ಅನ್ನುವುದರ ಮೇಲೆ ಯಾವತ್ತೂ ಆಸೆ ಜಾಸ್ತಿ. "ಈ ಸ್ಕ್ರೀನ್ ಯಾರದ್ದು?" ಅಂದರು. "ನಂದೇ ಸರ್. ನಾನು ಜಾಸ್ತಿ ಸಾಲು ಹಾಕಿ ನೋಡ್ಬೇಕಿತ್ತು" ಅಂದಳು ಹುಡುಗಿ. ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾತು ಮುಂದಿನ ವಿಷಯಕ್ಕೆ ಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅಂತ ಬರೆದೆ, ಆದರೆ ಐದಾರು ಸೆಕೆಂಡ್ ಇತ್ತು. ಅಷ್ಟು ಹೊತ್ತು ಸಾಲದಾ ಒಂದು ವಾಕ್ಯಕ್ಕೆ? ಸಂಜೆ ಮ್ಯಾನೇಜರ್‌ಗೆ ಮೇಲ್ ಬರೆದೆ, ಸಲಹೆ ನನ್ನದು ಅಂತ. "ಓಕೆ, ನೋಟೆಡ್" ಅಂತ ಉತ್ತರ ಬಂತು. ಎಲ್ಲರೆದುರು ಅವಳು ಹೊತ್ತುಕೊಂಡದ್ದನ್ನು ನಾನು ಒಬ್ಬರಿಗೆ ಮಾತ್ರ ಕಾಣುವ ಹಾಗೆ ಇಳಿಸಿದೆ. ಅದು ಸರಿಸಮ ಆಗುವುದಿಲ್ಲ ಅಂತ ನನಗೂ ಗೊತ್ತು.

ಮೀಟಿಂಗ್ ಮುಗಿದ ಮೇಲೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಸರಿಮಾಡಲು ಹೋದದ್ದೂ ನಾನೇ, ಮತ್ತೆ ಎಡವಿದ್ದೂ ನಾನೇ. ಒಂದೊಂದು ಸಾಲಿಗೂ ಹೆಸರು ಕೊಡೋಣ ಅಂದೆ. ಸಾಲು 1, ಸಾಲು 2 ಹೀಗೆ. ಡಿಸೈನರ್‌ನಲ್ಲಿ ಕೂರಿಸಿದ ಕಂಟ್ರೋಲ್‌ಗಳಿಗೆ ನೇಮ್ ತಾನಾಗಿ ಬರುತ್ತದೆ, ಕೋಡ್‌ನಲ್ಲಿ ಹುಟ್ಟಿದವಕ್ಕೆ ನಾವೇ ಕೊಡಬೇಕು, ಇಲ್ಲದಿದ್ದರೆ ಖಾಲಿ. ಕೊಟ್ಟೆವು. ಫಾರ್ಮಿನ ಕಂಟ್ರೋಲ್ಸ್‌ನಲ್ಲಿ ಆ ಹೆಸರಿನಿಂದ ಹುಡುಕಿದರೆ ನಲ್ ಬಂತು, ಅಂದರೆ ಏನೂ ಇಲ್ಲ. ಸಾಲುಗಳು ಇರುವುದು ಅವನ್ನು ತಾನಾಗಿ ಜೋಡಿಸುವ ಫ್ಲೋ ಲೇಔಟ್ ಪ್ಯಾನೆಲ್ ಒಳಗೆ. ಫಾರ್ಮಿಗೆ ಅವು ಮಕ್ಕಳಲ್ಲ, ಮೊಮ್ಮಕ್ಕಳು. ಹೆಸರು ಕೊಟ್ಟು ನೇರ ಕೇಳಿದರೆ ಅದು ಮಕ್ಕಳನ್ನು ಮಾತ್ರ ನೋಡುತ್ತದೆ. ಒಳಗೊಳಗಿನದೂ ಬೇಕಾದರೆ ಫೈಂಡ್ ಕರೆದು ಎರಡನೆಯದಾಗಿ ಟ್ರೂ ಕೊಡಬೇಕು. ಕೊಟ್ಟೆವು, ಸಿಕ್ಕಿತು. ಆದರೆ ಯಾವ ಹೆಸರನ್ನು ಹುಡುಕಬೇಕು? ಒತ್ತಿದ್ದು 3 ಅಂತ ಹ್ಯಾಂಡ್ಲರ್‌ಗೆ ಹೇಳುವವರು ಯಾರು? ಸುತ್ತಿ ಬಳಸಿ ಮತ್ತೆ ಅದೇ ಜಾಗಕ್ಕೆ ಬಂದಿದ್ದೆ.

ಅಷ್ಟೊತ್ತೂ ಸುಮ್ಮನಿದ್ದ ಹುಡುಗಿ ಹ್ಯಾಂಡ್ಲರಿನ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ಸರ್, ಈ ಸೆಂಡರ್ ಅಂದ್ರೆ ಯಾರು? ಎಲ್ಲ ಹ್ಯಾಂಡ್ಲರ್‌ನಲ್ಲೂ ಇರುತ್ತೆ."

ಯಾರು ಅಂತ ಕೇಳಿದಳು, ಏನು ಅಂತಲ್ಲ.

ಸೆಂಡರ್ ಅಂದರೆ ಒತ್ತಿಸಿಕೊಂಡ ಬಟನ್ನೇ. ಹ್ಯಾಂಡ್ಲರ್ ಕರೆಸಿಕೊಂಡಾಗಲೆಲ್ಲ ಅದು ಬಾಗಿಲಲ್ಲೇ ನಿಂತಿರುತ್ತದೆ, ಕರೆದದ್ದು ನಾನು ಅಂತ. ಟೈಪ್ ಮಾತ್ರ ಬರೀ ಆಬ್ಜೆಕ್ಟ್ ಅಂತ ಇರುತ್ತದೆ, ಹಾಗಾಗಿ ಕ್ಯಾಸ್ಟ್ ಮಾಡಬೇಕು, ಅಂದರೆ ಇದು ಬಟನ್ ಅಂತ ನಾವೇ ಹೇಳಬೇಕು. ಆಮೇಲೆ ಅದರ ಪೇರೆಂಟ್ ಕೇಳಿದರೆ ಸಾಲಿನ ಪ್ಯಾನೆಲ್ ಕೈಗೆ ಬರುತ್ತದೆ. ಹೆಸರೂ ಬೇಡ, ನಂಬರೂ ಬೇಡ, ಮೇಲೆ ಹಾಕುವುದಂತೂ ಬೇಡವೇ ಬೇಡ. ಎರಡು ಸಾಲಿನ ಕೋಡ್. ಆ ಸಾಲಿನ ಐಟಂ ಕೋಡ್ ಜೊತೆಗಿರಬೇಕು ಅಂದರೆ ಟ್ಯಾಗ್ ಇದೆ, ಪ್ರತಿ ಕಂಟ್ರೋಲ್‌ಗೂ ಒಂದು ಜೇಬು ಇದ್ದ ಹಾಗೆ, ಏನು ಬೇಕಾದರೂ ಇಡಬಹುದು.

ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಯಾರಾದರೂ ಇಂಟರ್‌ವ್ಯೂನಲ್ಲಿ ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆದರೆ ಕೈಗೆ ಬರಲಿಲ್ಲ. ನಾನು ಕಲಿತದ್ದು ವಿಷುವಲ್ ಬೇಸಿಕ್ 6 ಅನ್ನೋ ಹಳೆಯ ಭಾಷೆಯಲ್ಲಿ, 1998ರ ಸರಕು. ಅದರಲ್ಲಿ ಕಂಟ್ರೋಲ್ ಅರೇ ಅಂತ ಒಂದಿತ್ತು. ಒಂದೇ ಹೆಸರಿನ ಬಟನ್‌ಗಳಿಗೆ 0, 1, 2 ಅಂತ ನಂಬರ್, ಒತ್ತಿದರೆ ಹ್ಯಾಂಡ್ಲರ್‌ಗೆ ಇಂಡೆಕ್ಸ್ ಬರುತ್ತಿತ್ತು. 2002ರಲ್ಲಿ ಮೈಕ್ರೋಸಾಫ್ಟಿನ ಹೊಸ ವ್ಯವಸ್ಥೆ ಡಾಟ್‌ನೆಟ್ ಬಂದಾಗ ಅದು ಹೋಯಿತು, ಆ ಜಾಗಕ್ಕೆ ಸೆಂಡರ್ ಬಂತು. ನಾನು ಭಾಷೆ ಬದಲಾಯಿಸಿದೆ, ಅಭ್ಯಾಸ ಬದಲಾಯಿಸಲಿಲ್ಲ. ಈಗಲೂ ಮೊದಲು ನಂಬರ್ ಹುಡುಕುತ್ತೇನೆ.

ಇದು ನನ್ನೊಬ್ಬನ ಕಥೆ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ಮಧ್ಯಾಹ್ನ ನಮ್ಮ ಪ್ರಾಜೆಕ್ಟ್ ಪೂರ್ತಿ ಜಾಲಾಡಿದೆ. ಬೇರೆ ಮೆಥಡ್‌ಗಳಿಂದ ಕ್ಲಿಕ್ ಹ್ಯಾಂಡ್ಲರನ್ನು ಕರೆದು ಸೆಂಡರ್ ಜಾಗಕ್ಕೆ ನಲ್, ಅದರ ಪಕ್ಕದ್ದಕ್ಕೂ ನಲ್ ಕೊಟ್ಟದ್ದು 11 ಕಡೆ ಸಿಕ್ಕಿತು. ಯಾರು ಬಂದರು ಅಂತ ನಾವು ಕೇಳುವುದೇ ಇಲ್ಲ, ಅದಕ್ಕೆ ಯಾರೂ ಇಲ್ಲ ಅಂತ ಕಳಿಸಿದರೂ ನಡೆಯುತ್ತದೆ. ನಾಳೆ ಯಾರಾದರೂ ಅಲ್ಲಿ ಸೆಂಡರ್ ಬಳಸಿದರೆ ಆ 11 ಕಡೆಯೂ ಸಿಡಿಯುತ್ತದೆ. 11ರಲ್ಲಿ 7 ನನ್ನವು. ಎಣಿಸಬಾರದಿತ್ತು.

ಬಂದವರನ್ನು ನೋಡದೆ ಉತ್ತರ ಕೊಡುವುದು ಕೋಡ್‌ನಲ್ಲಿ ಮಾತ್ರ ಇದ್ದಿದ್ದರೆ ಪರವಾಗಿರಲಿಲ್ಲ. ಅವಳು ಕುರ್ಚಿಯ ಹಿಂದೆ ನಿಂತಿದ್ದಾಗ ಕೇಳಿದ್ದು ಒಳ್ಳೆಯ ಪ್ರಶ್ನೆ. "ಇಲ್ಲಿ ಮಾಡಿದ್ದು ಅಲ್ಲಿ ಹೇಗೆ ಸಿಗುತ್ತೆ?" ನನ್ನ ಕಿವಿಗೆ ಬಿದ್ದದ್ದು "ಕೆಂಪು ಗೆರೆ ಹೇಗೆ ಹೋಗುತ್ತೆ?" ಅದಕ್ಕೆ ತಕ್ಕ ಉತ್ತರ ಕೊಟ್ಟೆ. ಗೆರೆ ಹೋಯಿತು. ಆ "ಅಮ್ಮ" ಅನ್ನೋದು ಬೇರೆ. ಪ್ರೀತಿಯಿಂದ ಅಂದದ್ದು ಅಂತ ಅಂದುಕೊಂಡಿದ್ದೆ. ಈಗ ಕೇಳಿಸಿಕೊಂಡರೆ, ಬೇಗ ಹೋಗು ಅನ್ನುವುದನ್ನು ಮೆತ್ತಗೆ ಹೇಳಿದ ಹಾಗಿದೆ.

ಗುರುವಾರ ಕೋಡ್ ಅವಳೇ ಬರೆದಳು. ಪಟ್ಟಿಯಿಂದ ತೆಗೆದರೆ ಸಾಲದು, ಡಿಸ್ಪೋಸ್ ಕೂಡ ಮಾಡು ಅಂದೆ, ಈ ಸಲ ಕಾರಣ ಸಮೇತ. ರಿಮೂವ್ ಮಾಡಿದ ಕಂಟ್ರೋಲ್ ಕಣ್ಣಿಗೆ ಕಾಣುವುದಿಲ್ಲ, ಆದರೆ ವಿಂಡೋಸ್ ಅದಕ್ಕೆ ಕೊಟ್ಟ ಹ್ಯಾಂಡಲ್ (ಗುರುತಿನ ನಂಬರ್) ಹಾಗೇ ಉಳಿಯಬಹುದು; ಡಿಸ್ಪೋಸ್ ಅದನ್ನು ವಾಪಸ್ ಕೊಡುತ್ತದೆ. ಒಂದು ಪ್ರೋಗ್ರಾಮ್‌ಗೆ ಅಂಥವು ಮಾಮೂಲಿಯಾಗಿ 10,000 ಮಾತ್ರ. ಬೆಳಿಗ್ಗೆ ತೆರೆದು ರಾತ್ರಿ ಮುಚ್ಚುವ ಸ್ಕ್ರೀನ್ ಅದು. "ಆದ್ರೆ ಸರ್, ಬಟನ್ ತನ್ನ ಕ್ಲಿಕ್ ನಡೀತಿರುವಾಗಲೇ ತನ್ನನ್ನ ಅಳಿಸ್ಕೊಂಡ್ರೆ? ಕೂತ ಕೊಂಬೆನೇ ಕಡಿದ ಹಾಗಾಗಲ್ವಾ?" ಅಂದಳು. ಅದಕ್ಕೆ ಡಿಸ್ಪೋಸ್ ಅನ್ನು ಬಿಗಿನ್‌ಇನ್ವೋಕ್‌ನಲ್ಲಿ ಹಾಕಿದೆವು, ಕ್ಲಿಕ್ ಮುಗಿದ ಮೇಲೆ ನಡೆಯಲಿ ಅಂತ. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಮೆಥಡ್) ಬರೆದು ಪ್ಯಾನೆಲನ್ನು ಅಲ್ಲೇ ಹಿಡಿದಿಡಬಹುದಿತ್ತು, ಅದೂ ಸರಿಯಾದ ದಾರಿಯೇ. ನನಗೆ, ಎಣಿಸುತ್ತ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪಿನ ಎಣಿಕೆಯನ್ನು ಲ್ಯಾಂಬ್ಡಾ ಒಳಗೆ ಹಿಡಿದು, ಎಲ್ಲಕ್ಕೂ ಕೊನೆಯ ನಂಬರೇ ಸಿಕ್ಕಿ ಸುಟ್ಟುಕೊಂಡ ನೆನಪಿದೆ. ಅದರದೇ ಜಾತಿಯ ಫಾರ್‌ಈಚ್‌ನಲ್ಲಿ ಆ ತೊಂದರೆಯನ್ನು 2012ರಲ್ಲಿ ಸಿ ಶಾರ್ಪ್ ಭಾಷೆಯ 5ನೇ ಆವೃತ್ತಿ ಬಂದಾಗ ಸರಿಮಾಡಿದರು, ಫಾರ್‌ನಲ್ಲಿ ಇವತ್ತಿಗೂ ಹಾಗೇ ಇದೆ. ಅವಳಿಗೆ ಸೆಂಡರ್ ಇಷ್ಟವಾಗಿತ್ತು, ಅದೇ ಇರಲಿ ಅಂದೆ.

ಕ್ಲಾಸಿನ ಮೇಲಿದ್ದ ಆ ವೇರಿಯಬಲ್ ಅಳಿಸುವಾಗ ಅವಳು ನನ್ನ ಮುಖ ನೋಡಿ ಸ್ವಲ್ಪ ನಕ್ಕಳು. ಮೊದಲ ಸಲ.

ಶುಕ್ರವಾರ ಹೊಸ ವರ್ಶನ್ ಹಾಕಿಸಿ ಸ್ಟೋರ್‌ಕೀಪರ್‌ಗೆ ನಾನೇ ಫೋನ್ ಮಾಡಿದೆ. ಹುಡುಗಿ ಪಕ್ಕದಲ್ಲಿದ್ದಳು, ಸ್ಪೀಕರ್ ಆನ್ ಮಾಡಿದೆ. ಅವರು ಅವಸರ ಮಾಡಲಿಲ್ಲ. 14 ಸಾಲು ಒಂದೊಂದಾಗಿ ಹಾಕುವ ಕೀಬೋರ್ಡ್ ಸದ್ದು ಕೇಳಿಸುತ್ತಿತ್ತು. ಆಮೇಲೆ ಒಂದು ಕ್ಲಿಕ್.

"3ನೇದೇ ಹೋಯ್ತು ಸರ್" ಅಂದರು. "ತಡೀರಿ, ಇಡ್ಬೇಡಿ. 5ನೇದೂ ಒತ್ತಿ ನೋಡ್ತೀನಿ."