‘ಪಾಪ ಒಥೆಲೊ’ ಅನ್ನುವವರಿಗೆ

"ಒಥೆಲೊದ್ದೇನು ತಪ್ಪು ಸಾರ್? ಪಾಪ, ಎಲ್ಲಾ ಆ ಇಯಾಗೋ ಮಾಡಿದ್ದಲ್ವಾ?"

ನಾನು ಷೇಕ್ಸ್‌ಪಿಯರ್ ಪಾಠ ಮಾಡುವವನು ಅಂತ ಗೊತ್ತಾದ ಕೂಡಲೇ ಅವನ ‘ಒಥೆಲೊ’ ನಾಟಕದ ಬಗ್ಗೆ ಜನ ಕೇಳುವುದು ಇದನ್ನೇ. ಇಷ್ಟು ವರ್ಷ ನಗುನಗುತ್ತಾ "ಎರಡೂ ಕಡೆ ವಾದ ಇದೆ" ಅಂದು ಜಾರಿಕೊಂಡೆ. ಇನ್ನು ಆಗುವುದಿಲ್ಲ. ತಪ್ಪು ಒಥೆಲೊನದೇ. ಹೆಂಡತಿಯ ಉಸಿರು ಕಟ್ಟಿಸಿದ್ದು ಅವನ ಕೈ.

ಮೊದಲು ಆ ‘ಪಾಪ’ದ ವಿಷಯ. ಕನ್ನಡದಲ್ಲಿ ಕನಿಕರಕ್ಕೂ ಪಾತಕಕ್ಕೂ ಅದೊಂದೇ ಮಾತು. ನಮ್ಮವರು ಕನಿಕರವನ್ನು ಒಥೆಲೊಗೆ ಕೊಟ್ಟು ಪಾತಕವನ್ನು ಇಯಾಗೋನ ಲೆಕ್ಕಕ್ಕೆ ಬರೆಯುತ್ತಾರೆ. ಸತ್ತ ಹೆಂಡತಿ ಡೆಸ್ಡೆಮೋನಾಳ ಪಾಲಿಗೆ ಏನೂ ಉಳಿಯುವುದಿಲ್ಲ.

ಒಮ್ಮೆ ಈ ನಾಟಕ ಮುಗಿದು ಹೊರಗೆ ನಿಂತಿದ್ದೆ. ಪರಿಚಯದವರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, "ಎಂಥಾ ಮನುಷ್ಯ ಕಣ್ರೀ, ಆ ದುಷ್ಟನ ಕೈಗೆ ಸಿಕ್ಕಿ ಹಾಳಾದ" ಅಂದರು. ಅಷ್ಟರಲ್ಲಿ ಡೆಸ್ಡೆಮೋನಾ ಆಗಿದ್ದ ಹುಡುಗಿ ಅರ್ಧ ಬಣ್ಣ ಅಳಿಸಿದ ಮುಖದಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಬಂದು, "ಸ್ವಲ್ಪ ಜಾಗ ಬಿಡ್ತೀರಾ?" ಅಂದಳು. ಇವರು ಪಕ್ಕಕ್ಕೆ ಸರಿದರು, ಅವಳ ಕಡೆ ತಿರುಗಿಯೂ ನೋಡದೆ ಒಥೆಲೊನ ದುಃಖ ಮುಂದುವರಿಸಿದರು. ನನ್ನ ಸೌಜನ್ಯ ಖಾಲಿಯಾಗಿದ್ದು ಆವತ್ತೇ.

ಕಥೆ ಮರೆತವರಿಗೆ: ಒಥೆಲೊ ವೆನಿಸ್ಸಿನ ಸೇನಾಪತಿ, ಮೂರ್ ಜನಾಂಗದವನು, ಅಂದರೆ ಆಫ್ರಿಕಾ ಮೂಲದ ಕಪ್ಪು ಮನುಷ್ಯ. ಅಲ್ಲಿನ ಗಣ್ಯನ ಮಗಳು ಡೆಸ್ಡೆಮೋನಾಳನ್ನು ಗುಟ್ಟಾಗಿ ಮದುವೆಯಾಗಿದ್ದಾನೆ. ತನಗೆ ಬರಬೇಕಿದ್ದ ಬಡ್ತಿ ಕ್ಯಾಸಿಯೊ ಎಂಬ ಇನ್ನೊಬ್ಬನಿಗೆ ಹೋಯಿತೆಂದು ಒಥೆಲೊನ ಕೈಕೆಳಗಿನ ಇಯಾಗೋಗೆ ಹೊಟ್ಟೆಕಿಚ್ಚು. ಡೆಸ್ಡೆಮೋನಾಗೂ ಕ್ಯಾಸಿಯೊಗೂ ಏನೋ ಇದೆ ಎಂದು ಒಥೆಲೊನ ತಲೆಗೆ ಹುಳ ಬಿಡುತ್ತಾನೆ. ಸಾಕ್ಷಿಗೆಂದು, ಒಥೆಲೊ ಅವಳಿಗೆ ಕೊಟ್ಟಿದ್ದ ಕರವಸ್ತ್ರವನ್ನು ಕ್ಯಾಸಿಯೊನ ಕೋಣೆಯಲ್ಲಿ ಬೀಳಿಸಿ ಬರುತ್ತಾನೆ.

ಬಿಟ್ಟ, ಸರಿ. ಆದರೆ ಮೊದಲನೇ ಅಂಕ ನೋಡಿ. ಮಾಟ ಮಾಡಿ ಮಗಳನ್ನು ಒಲಿಸಿಕೊಂಡ ಎಂದು ಮಾವ ವೆನಿಸ್ಸಿನ ದೊರೆ ಡ್ಯೂಕನ ಮುಂದೆ ದೂರು ತಂದಾಗ ಒಥೆಲೊ ಏನನ್ನುತ್ತಾನೆ? ಅವಳನ್ನೇ ಕರೆಸಿ, ಅವಳ ಬಾಯಿಂದಲೇ ಕೇಳಿ, ನನ್ನದು ತಪ್ಪೆಂದು ಕಂಡರೆ ನನ್ನ ಪ್ರಾಣ ತೆಗೆಯಿರಿ. ಕರೆಸಿದರು, ಕೇಳಿದರು, ಅವನು ಉಳಿದ.

ಐದನೇ ಅಂಕದಲ್ಲಿ ಹಾಸಿಗೆಯ ಮೇಲಿಂದ ಅವಳು ಬೇಡುವುದೂ ಅದನ್ನೇ. ಕ್ಯಾಸಿಯೊನನ್ನು ಕರೆಸಿ, ನಿಜ ಹೇಳಲಿ. ಇವನ ಉತ್ತರ: ಅವನು ಒಪ್ಪಿಕೊಂಡಾಗಿದೆ. ಹಾಗಂತ ಹೇಳಿದವನು ಇಯಾಗೋ! ಕ್ಯಾಸಿಯೊನ ಎದುರು ನಿಂತು ‘ಆ ಕರವಸ್ತ್ರ ನಿನಗೆ ಹೇಗೆ ಬಂತು’ ಎಂದು ಒಥೆಲೊ ಕೇಳುವುದು ಅವಳು ಸತ್ತ ಮೇಲೆ. ನನ್ನ ಕೋಣೆಯಲ್ಲಿ ಸಿಕ್ಕಿತು ಎನ್ನುತ್ತಾನೆ ಅವನು. ಅಷ್ಟೇ. ಒಂದು ಪ್ರಶ್ನೆ, ಒಂದು ಉತ್ತರ.

ಊರೆಲ್ಲ ಅವನ ಬಣ್ಣವನ್ನು ಹಂಗಿಸುತ್ತಿತ್ತು, ಹೊರಗಿನವನೆಂಬ ಅಳುಕು ಅವನೊಳಗಿತ್ತು, ಇಯಾಗೋ ಬೆರಳಿಟ್ಟದ್ದು ಅದೇ ಗಾಯಕ್ಕೆ ಎನ್ನುತ್ತೀರಾ? ಒಪ್ಪುತ್ತೇನೆ. ಆ ಗಾಯ ಅವನ ಸಂಶಯವನ್ನು ಅರ್ಥ ಮಾಡಿಸುತ್ತದೆ, ಕೊಲೆಯನ್ನಲ್ಲ. (ಈ ಜಗಳ ನನ್ನೊಬ್ಬನದಲ್ಲ. 1904ರಲ್ಲಿ ವಿಮರ್ಶಕ ಬ್ರಾಡ್ಲಿ ಒಥೆಲೊನ ಪರ ನಿಂತರು, 1937ರಲ್ಲಿ ಇನ್ನೊಬ್ಬ ವಿಮರ್ಶಕ ಲೀವಿಸ್ ಆ ವಾದವನ್ನು ಹರಿದು ಹಾಕಿದರು. ನಾನು ಲೀವಿಸ್ ಕಡೆ, ಆದರೆ ಅವರಷ್ಟು ಸಿಟ್ಟು ನನಗಿಲ್ಲ. ಇದ್ದರೂ ಇರಬಹುದು.)

ಕೊನೆಯ ಮಾತಿನಲ್ಲಿ ಅವನ ವ್ಯಾಕರಣ ಗಮನಿಸಿ. ತನ್ನ ಬಗ್ಗೆ ಹೀಗೆ ಬರೆಯಿರಿ ಎನ್ನುತ್ತಾನೆ: ಸುಲಭಕ್ಕೆ ಸಂಶಯಪಡುವವನಲ್ಲ, ಆದರೆ ಕೆರಳಿಸಲ್ಪಟ್ಟು ದಿಕ್ಕೆಟ್ಟವನು. ಕೆರಳಿಸಲ್ಪಟ್ಟು! ಶುದ್ಧ ಕರ್ಮಣಿ ಪ್ರಯೋಗ. ತನ್ನನ್ನು ಮೂರ್ಖ ಎಂದು ಬೈದುಕೊಳ್ಳುತ್ತಾನೆ, ತಾನೇ ಇರಿದುಕೊಂಡು ಸಾಯುತ್ತಾನೆ, ಅದು ಸಣ್ಣದಲ್ಲ. ಆದರೂ ಆ ಕ್ರಿಯಾಪದಕ್ಕೆ ಕರ್ತೃ ತಾನಾಗುವುದಿಲ್ಲ.

ಕರ್ತೃವಾಗುವವಳು ಬೇರೊಬ್ಬಳಿದ್ದಾಳೆ. ನನ್ನನ್ನು ಕೇಳಬೇಕಾದದ್ದು ಅವಳ ಬಗ್ಗೆ: ಎಮಿಲಿಯಾ ಯಾಕೆ ಸುಮ್ಮನಿದ್ದಳು?

ಎಮಿಲಿಯಾ ಇಯಾಗೋನ ಹೆಂಡತಿ, ಡೆಸ್ಡೆಮೋನಾಳ ಸಖಿ. ಒಡತಿ ಬೀಳಿಸಿಕೊಂಡ ಕರವಸ್ತ್ರ ಎತ್ತಿಕೊಂಡವಳು ಅವಳು. ಗಂಡ ಬಹಳ ದಿನದಿಂದ ಪೀಡಿಸುತ್ತಿದ್ದನೆಂದು ಅವನಿಗೆ ಕೊಟ್ಟವಳೂ ಅವಳು. ಆಮೇಲೆ ಒಡತಿ ಎಲ್ಲಿ ಕಳೆದುಹೋಯಿತೋ ಎಂದು ಹುಡುಕುತ್ತಿದ್ದರೆ ಗೊತ್ತಿಲ್ಲ ಎನ್ನುತ್ತಾಳೆ. ಮರುಕ್ಷಣ ಒಥೆಲೊ ಬಂದು ಕರವಸ್ತ್ರ ಎಲ್ಲಿ, ಕರವಸ್ತ್ರ ಎಲ್ಲಿ ಎಂದು ಕೂಗಾಡುವಾಗ ಅಲ್ಲೇ ನಿಂತಿರುತ್ತಾಳೆ. ಬಾಯಿ ಬಿಡುವುದಿಲ್ಲ. ಕೆಟ್ಟವಳಲ್ಲ, ಗಂಡನ ಮನಸ್ಸು ಹಿಡಿದು ಬದುಕುವುದು ರೂಢಿಯಾದವಳು. ನನಗೆ ಇಯಾಗೋನಿಗಿಂತ ಈ ಮೌನದ ಭಯ ಹೆಚ್ಚು.

ಕೊನೆಗೆ, ಗಂಡ ಕತ್ತಿ ಹಿರಿದು ನಿಂತಾಗ, ಅವಳೇ ಹೇಳುತ್ತಾಳೆ: ನನಗೆ ಸಿಕ್ಕಿತು, ನಾನು ಕೊಟ್ಟೆ. ಯಾರೂ ಅವಳನ್ನು ಕೆರಳಿಸಿರಲಿಲ್ಲ, ವಂಚಿಸಿರಲಿಲ್ಲ ಅಂತಲ್ಲ. ಆದರೂ ‘ನಾನು’ ಅಂದಳು, ಸತ್ತಳು.

ಆವತ್ತಿನ ನಾಟಕದಲ್ಲಿ ಎಮಿಲಿಯಾ ಆಗಿದ್ದವರು ಒಡತಿ ಕರವಸ್ತ್ರ ಕೇಳಿದಾಗ ಬಟ್ಟೆ ಮಡಿಸುತ್ತಿದ್ದರು. ಕೈ ನಿಂತಿತು. "ಗೊತ್ತಿಲ್ಲ ಅಮ್ಮಾವ್ರೇ" ಅಂದರು, ಮತ್ತೆ ಮಡಿಸತೊಡಗಿದರು. ಮುಂದಿನ ಸಾಲಿನಲ್ಲಿ ನನ್ನ ಪರಿಚಯದವರು ಮೊಬೈಲ್ ನೋಡುತ್ತಿದ್ದರು.